ಕಸುಬಿನವರ ಮೆಚ್ಚುಗೆ: ಗಿರೀಶ ಕಾಸರವಳ್ಳಿ ಮತ್ತು ಅವರ ಸಮಕಾಲೀನರು

ಬೇಲೂರಿನ ಚೆನ್ನಕೇಶವ ದೇವಾಲಯದಲ್ಲೂ ಹಳೇಬೀಡಿನ ಹೊಯ್ಸಳೇಶ್ವರದಲ್ಲೂ ವಿಗ್ರಹಗಳ ಪೀಠದ ಮೇಲೆ ಶಿಲ್ಪಿಗಳು ತಮ್ಮ ಹೆಸರು ಕೊರೆದಿಟ್ಟಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಂಥವರು. ಕೆಲವರ ಹೆಸರಿನ ಹಿಂದೆ ಮುಂದೆ ಬಿರುದುಗಳೂ ಇವೆ. ಬಿರುದುವಂತರಾದ ಬೇರೆ ರೂವಾರಿಗಳ ಸೊಕ್ಕು ಮುರಿದವನು ಎಂಬ ಧಾಟಿಯ ಈ ಬಿರುದುಗಳು ಯಾರ ಕಿವಿಗೆಂದು ಬರೆದವು ಎಂಬುದು ಓದಿದ ಕೂಡಲೇ ಗೊತ್ತಾಗುತ್ತದೆ. ದೇವರು ಓದಬೇಕಿಲ್ಲ, ಅರಸನಿಗೆ ಬೇರೆ ಶಾಸನವೇ ಉಂಟು, ಭಕ್ತರು ಅತ್ತ ನೋಡುವುದೂ ಕಡಿಮೆ. ಪಕ್ಕದ ಕಂಬದ ಹತ್ತಿರ ಉಳಿ ಹಿಡಿದು ಕೂತವನು ನೋಡಲಿ ಎಂದೇ ಅವನ್ನು ಕೆತ್ತಿದ್ದು.

ಜಕಣಾಚಾರಿಯ ಕಥೆಯ ತಿರುಳೂ ಇದೇ. ಬೇಲೂರಿನ ಕಪ್ಪೆ ಚೆನ್ನಿಗರಾಯನ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದು ಅಪರಿಚಿತ ಹುಡುಗನೊಬ್ಬ ಹೇಳುತ್ತಾನೆ. ಗಂಧ ಬಳಿದು ಪರೀಕ್ಷಿಸಿದಾಗ ಹೊಕ್ಕುಳ ಬಳಿ ಮಾತ್ರ ಒದ್ದೆ ಉಳಿಯುತ್ತದೆ, ಒಡೆದರೆ ಒಳಗೆ ನೀರು, ಕಪ್ಪೆ. ಮಾತಿಗೆ ಕಟ್ಟುಬಿದ್ದ ಜಕಣಾಚಾರಿ ಬಲಗೈ ಕತ್ತರಿಸಿಕೊಳ್ಳುತ್ತಾನೆ. ಹುಡುಗ ಅವನ ಮಗ ಡಂಕಣನೇ ಎಂಬುದು ಆಮೇಲೆ ತಿಳಿಯುತ್ತದೆ. ಇದು ಐತಿಹ್ಯ, ಇತಿಹಾಸವೆಂದು ಯಾರೂ ಪ್ರಮಾಣ ಮಾಡಬೇಕಿಲ್ಲ. ಆದರೆ ಊರೆಲ್ಲ ಹೊಗಳಿದ ಕೆಲಸವನ್ನು ಅದೇ ಕಸುಬು ಬಲ್ಲ ಒಬ್ಬನ ಮಾತು ಅಳೆದುಬಿಡುತ್ತದೆ ಎಂಬ ನಂಬಿಕೆ ಈ ಸೀಮೆಯಲ್ಲಿ ಎಷ್ಟು ಹಳೆಯದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಈ ಕಥೆ ಸಿನಿಮಾಕ್ಕೂ ಬಂತು. ಬಿ.ಎಸ್. ರಂಗಾ 1964ರಲ್ಲಿ ನಿರ್ದೇಶಿಸಿದ 'ಅಮರಶಿಲ್ಪಿ ಜಕಣಾಚಾರಿ' ಕನ್ನಡದ ಮೊದಲ ಪೂರ್ಣಪ್ರಮಾಣದ ವರ್ಣಚಿತ್ರ. ಕಲ್ಯಾಣ್ ಕುಮಾರ್ ಜಕಣಾಚಾರಿಯಾಗಿದ್ದರು, ಜೊತೆಗೆ ಬಿ. ಸರೋಜಾದೇವಿ ಇದ್ದರು.

ಬೇಲೂರು, ಹಳೇಬೀಡು ಇರುವ ಹಾಸನ ಜಿಲ್ಲೆಯಲ್ಲಿ ಎರಡು ಬಗೆಯ ಕೀರ್ತಿ ಅಕ್ಕಪಕ್ಕದಲ್ಲೇ ಕಾಣಸಿಗುತ್ತದೆ. ಬೇಲೂರು, ಹಳೇಬೀಡಿಗೆ ಬಸ್ಸುಗಟ್ಟಲೆ ಜನ ಬರುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಅವೆರಡೂ ಸೋಮನಾಥಪುರದೊಂದಿಗೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅರಸೀಕೆರೆಯ ಈಶ್ವರ ದೇವಾಲಯ ಆ ಪಟ್ಟಿಯಲ್ಲಿಲ್ಲ. ಸುಮಾರು 1220ರ ಈ ಗುಡಿಯ ಮುಂದೆ ನಕ್ಷತ್ರಾಕಾರದ ತೆರೆದ ಮಂಟಪವೊಂದಿದೆ. ಹೊಯ್ಸಳ ವಾಸ್ತುವನ್ನು ಅಭ್ಯಾಸ ಮಾಡುವವರು ಅದನ್ನು ನೋಡಲೆಂದೇ ರೈಲು ಇಳಿದು ಬರುತ್ತಾರೆ, ಅಂಥ ಮಂಟಪ ಇನ್ನೊಂದು ಕಡೆ ಸಿಗುವುದು ಕಷ್ಟ. ಪ್ರವಾಸಿಗಳು ಹುಬ್ಬಳ್ಳಿಗೋ ಮೈಸೂರಿಗೋ ರೈಲು ಬದಲಿಸಿ ಹೊರಟುಬಿಡುತ್ತಾರೆ.

ಸಿನಿಮಾದಲ್ಲಿ ಅರಸೀಕೆರೆಯ ಗುಡಿಯಂಥ ನಿರ್ದೇಶಕರು ಎಲ್ಲ ದೇಶಗಳಲ್ಲೂ ಇದ್ದಾರೆ. ಫ್ರಾನ್ಸಿನ ಕ್ಲೇರ್ ದೆನಿ ಇದಕ್ಕೆ ಇವತ್ತಿನ ಎದ್ದುಕಾಣುವ ಉದಾಹರಣೆ. 1946ರಲ್ಲಿ ಹುಟ್ಟಿ ಆಫ್ರಿಕದ ಫ್ರೆಂಚ್ ವಸಾಹತುಗಳಲ್ಲಿ ಬೆಳೆದ ಆಕೆ ವಿಮ್ ವೆಂಡರ್ಸ್, ಜಿಮ್ ಜಾರ್ಮುಶ್ ಇಬ್ಬರ ಕೈಕೆಳಗೂ ಸಹಾಯಕಿಯಾಗಿ ಪಳಗಿ, 1988ರಲ್ಲಿ 'ಶೊಕೊಲಾ' ಚಿತ್ರದಿಂದ ಸ್ವತಂತ್ರರಾದರು. ಆಕೆಯ 'ಬೋ ತ್ರವಾಯ್' (1999) ಥಿಯೇಟರುಗಳಲ್ಲಿ ದೊಡ್ಡ ಗದ್ದಲವೆಬ್ಬಿಸಿದ ಚಿತ್ರವಲ್ಲ. 'ಸೈಟ್ ಅಂಡ್ ಸೌಂಡ್' ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ನಡೆಸುವ ವಿಮರ್ಶಕರ ಮತಗಣನೆಯಲ್ಲಿ 2012ರಲ್ಲಿ ಅದಕ್ಕೆ 78ನೇ ಸ್ಥಾನ. 2022ರಲ್ಲಿ ಅದು ಒಮ್ಮೆಲೇ 7ಕ್ಕೆ ಏರಿತು. ನಡುವಿನ ಆ ಹತ್ತು ವರ್ಷಗಳಲ್ಲಿ ಆಕೆಯ ಪ್ರಭಾವವನ್ನು ಬಾಯಿಬಿಟ್ಟು ಹೇಳಿಕೊಂಡ ನಿರ್ದೇಶಕರಲ್ಲಿ 'ಮೂನ್‌ಲೈಟ್' ಮಾಡಿದ ಅಮೆರಿಕದ ಬ್ಯಾರಿ ಜೆಂಕಿನ್ಸ್ ಒಬ್ಬರು. ಕಸುಬಿನವರ ಮೆಚ್ಚುಗೆ ಕೆಲಸ ಮಾಡುವುದು ಹೀಗೆ: ಮೊದಲು ಸಹೋದ್ಯೋಗಿಗಳು, ಆಮೇಲೆ ವಿಮರ್ಶಕರು, ಕಡೆಗೆ ಪ್ರೇಕ್ಷಕರು.

ಕನ್ನಡದಲ್ಲಿ ಈ ಜಾತಿಯ ಕೀರ್ತಿಗೆ ಒಂದೇ ಹೆಸರು ಹೇಳಬೇಕೆಂದರೆ ಅದು ಗಿರೀಶ ಕಾಸರವಳ್ಳಿಯವರದು. ಅವರ ಚಿತ್ರಗಳ ಹೆಸರು ಕೇಳಿದವರು ಲಕ್ಷಾಂತರ, ಥಿಯೇಟರಿನಲ್ಲಿ ಕೂತು ನೋಡಿದವರು ಅದರಲ್ಲಿ ಸಣ್ಣ ಪಾಲು. ತಾಲ್ಲೂಕು ಊರುಗಳ ಟಾಕೀಸಿನವರೆಗೆ ಇಂಥ ಚಿತ್ರ ಬಂದದ್ದೇ ಅಪರೂಪ. ಆದರೂ ನಿರ್ದೇಶಕರು, ಛಾಯಾಗ್ರಾಹಕರು, ನಟನಟಿಯರು, ಕಥೆಗಾರರ ನಡುವೆ ಐದು ದಶಕದಿಂದ ಅವರ ಸ್ಥಾನ ಕದಲಿಲ್ಲ. ಈ ಗೌರವವನ್ನು ಅಭಿನಂದನಾ ಗ್ರಂಥಗಳಲ್ಲಿ ಹುಡುಕಿದರೆ ಬರೀ ಹೊಗಳಿಕೆ ಸಿಗುತ್ತದೆ. ಯಾರು ಅವರೊಂದಿಗೆ ಕೆಲಸ ಮಾಡಿದರು, ಯಾರು ಅವರ ಮೇಲೆ ಹಣ ಹಾಕಿದರು, ಯಾರು ಅವರ ಚಿತ್ರವನ್ನು ಉಳಿಸಿಕೊಟ್ಟರು ಎಂದು ನೋಡಿದರೆ ನಿಜವಾದ ಲೆಕ್ಕ ಸಿಗುತ್ತದೆ.

ಕಾಸರವಳ್ಳಿ ಹುಟ್ಟಿದ್ದು 1950ರ ಡಿಸೆಂಬರ್ 3ರಂದು, ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ. ತಂದೆಗೆ ಯಕ್ಷಗಾನದ ಹುಚ್ಚು. ಹೆಗ್ಗೋಡಿನ ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣ ಹತ್ತಿರದ ನೆಂಟರು. ಹುಡುಗ ಮಾತ್ರ ಮಣಿಪಾಲಕ್ಕೆ ಹೋಗಿ ಓದಿದ್ದು ಬಿ.ಫಾರ್ಮ. ಔಷಧ ತಯಾರಿಕೆಯ ತರಬೇತಿಗೆ ಹೈದರಾಬಾದಿಗೆ ಹೋಗಿದ್ದವರು ಅದನ್ನು ಅಲ್ಲೇ ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು. 1975ರಲ್ಲಿ ಚಿನ್ನದ ಪದಕದೊಂದಿಗೆ ಹೊರಬಂದರು. ಡಿಪ್ಲೊಮಾಕ್ಕೆಂದು ಮಾಡಿದ 'ಅವಶೇಷ್' ಎಂಬ ಕಿರುಚಿತ್ರಕ್ಕೇ ರಾಷ್ಟ್ರಪ್ರಶಸ್ತಿ ಬಂತು.

ಅದೇ ವರ್ಷ ಬಿ.ವಿ. ಕಾರಂತರು ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ತೆರೆಗೆ ತಂದರು. ಪುಣೆಯಿಂದ ಆಗತಾನೆ ಬಂದಿದ್ದ ಕಾಸರವಳ್ಳಿ ಆ ಚಿತ್ರದಲ್ಲಿ ಅವರ ಸಹಾಯಕ. ಎರಡು ವರ್ಷ ಕಳೆದ ಮೇಲೆ ಕಾಸರವಳ್ಳಿ ತಮ್ಮ ಮೊದಲ ಚಿತ್ರ 'ಘಟಶ್ರಾದ್ಧ' ಮಾಡಿದಾಗ ಅದಕ್ಕೆ ಸಂಗೀತ ಕೊಟ್ಟವರು ಅದೇ ಕಾರಂತರು, ಆ ಸಂಗೀತಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಗುರುವಿನ ಜಾಗದಲ್ಲಿದ್ದವರು ಶಿಷ್ಯನ ಚಿತ್ರದಲ್ಲಿ ಕೆಲಸಗಾರರಾಗುವುದು ನಮ್ಮ ಚಿತ್ರರಂಗದಲ್ಲಿ ದಿನಾ ನಡೆಯುವ ಸಂಗತಿಯಲ್ಲ. ಚೋಮನಾಗಿ ನಟಿಸಿ ದೇಶದ ಶ್ರೇಷ್ಠ ನಟ ಎನ್ನಿಸಿಕೊಂಡ ಎಂ.ವಿ. ವಾಸುದೇವರಾವ್ ಕೂಡ ಕಾಲು ಶತಮಾನದ ಬಳಿಕ 'ದ್ವೀಪ'ದಲ್ಲಿ ದುಗ್ಗಜ್ಜನಾಗಿ ಇದೇ ಹಳೆಯ ಸಹಾಯಕನ ಕ್ಯಾಮೆರಾದ ಮುಂದೆ ನಿಂತರು.

'ಘಟಶ್ರಾದ್ಧ' ಯು.ಆರ್. ಅನಂತಮೂರ್ತಿಯವರ ಕಥೆ. ನಿರ್ಮಿಸಿದವರು ರಂಗಭೂಮಿಯ ಸದಾನಂದ ಸುವರ್ಣ, ಅವರು ಮುಂದೆ ತೇಜಸ್ವಿಯವರ 'ಕುಬಿ ಮತ್ತು ಇಯಾಲ'ವನ್ನು ತಾವೇ ನಿರ್ದೇಶಿಸಿದರು. ಮಲೆನಾಡಿನ ಅಗ್ರಹಾರವೊಂದರಲ್ಲಿ ಶೇಷಗಿರಿ ಉಡುಪರ ವೇದಪಾಠಶಾಲೆ. ಅಲ್ಲಿಗೆ ಓದಲು ಬರುವ ಸಣ್ಣ ಹುಡುಗ ನಾಣಿ. ಉಡುಪರ ಮಗಳು ಯಮುನಾ ವಿಧವೆ, ಊರಿನ ಮೇಷ್ಟ್ರಿಂದ ಗರ್ಭಿಣಿಯಾಗಿದ್ದಾಳೆ. ಉಳಿದ ಹುಡುಗರಿಗೆ ಇದು ಗುಸುಗುಸು, ಊರಿನವರಿಗೆ ವಿಚಾರಣೆ, ನಾಣಿಗೆ ಮಾತ್ರ ಯಮುನಕ್ಕ. ನೋಡುವವರಿಗೆ ಏನು ಗೊತ್ತಾಗುತ್ತದೋ ಅದು ಬಹುಪಾಲು ನಾಣಿಯ ಕಣ್ಣಿನ ಎತ್ತರದಿಂದಲೇ ಗೊತ್ತಾಗುತ್ತದೆ. ಎಸ್. ರಾಮಚಂದ್ರರ ಕಪ್ಪು ಬಿಳುಪು ಛಾಯಾಗ್ರಹಣದಲ್ಲಿ ಹಗಲಿಗಿಂತ ಕತ್ತಲೆಗೆ ಹೆಚ್ಚು ಕೆಲಸ. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡಿ, ಮಡಕೆ ಒಡೆದು, ಜಾತಿಯಿಂದ ಹೊರಹಾಕುವ ವಿಧಿಯನ್ನು ಚಿತ್ರ ಅಬ್ಬರವಿಲ್ಲದೆ, ಒಂದೊಂದೇ ಕ್ರಿಯೆಯಾಗಿ ತೋರಿಸುತ್ತದೆ. ಅಳುವಿನ ಸಂಗೀತವಿಲ್ಲ, ಬೈಗುಳದ ಸಂಭಾಷಣೆಯಿಲ್ಲ. ಕೊನೆಗೆ ಅಪ್ಪನ ಜೊತೆ ಊರಿಗೆ ಹೊರಟ ನಾಣಿಗೆ ಮರದ ಕೆಳಗೆ ತಲೆ ಬೋಳಿಸಿಕೊಂಡು ಕೂತ ಯಮುನಕ್ಕ ಕಾಣುತ್ತಾಳೆ. ಮೀನಾ ಕುಟ್ಟಪ್ಪ ಆ ಪಾತ್ರದಲ್ಲಿ ಮಾಡಿದ್ದಕ್ಕಿಂತ ಮಾಡದೆ ಬಿಟ್ಟದ್ದೇ ಹೆಚ್ಚು. ಈ ಸಂಯಮವೇ ಬೇರೆ ನಿರ್ದೇಶಕರ ಕಣ್ಣಿಗೆ ಮೊದಲು ಬಿದ್ದದ್ದು. ಚಿತ್ರೀಕರಣದ ಒತ್ತಡ ಬಲ್ಲವರಿಗೆ ಗೊತ್ತು, ಅಳಿಸುವ ದೃಶ್ಯ ತೆಗೆಯುವುದು ಸುಲಭ, ಅಳಿಸದೆ ಬಿಡುವುದು ಕಷ್ಟ.

ಆ ಚಿತ್ರ ಮಾಡಿದಾಗ ನಿರ್ದೇಶಕರಿಗೆ 27ರ ಆಸುಪಾಸು. ಆ ವರ್ಷದ ಶ್ರೇಷ್ಠ ಚಿತ್ರವೆಂದು ಸ್ವರ್ಣ ಕಮಲ ಬಂತು. ನಾಣಿಯಾದ ಅಜಿತ್ ಕುಮಾರ್ ಶ್ರೇಷ್ಠ ಬಾಲನಟನಾದ. ಇನ್ನೊಂದು ಬಗೆಯ ಮನ್ನಣೆ ಹದಿನಾಲ್ಕು ವರ್ಷಗಳ ಮೇಲೆ ಬಂತು. ಮೃಣಾಲ್ ಸೇನ್ ಜೊತೆ ಸೇರಿ 1968ರಲ್ಲಿ ಹೊಸ ಸಿನಿಮಾದ ಪ್ರಣಾಳಿಕೆ ಬರೆದಿದ್ದ ಅರುಣ್ ಕೌಲ್ ಅದೇ ಅನಂತಮೂರ್ತಿ ಕಥೆಯನ್ನು 1991ರಲ್ಲಿ 'ದೀಕ್ಷಾ' ಎಂದು ಹಿಂದಿಯಲ್ಲಿ ಮಾಡಿದರು, ನಾನಾ ಪಾಟೇಕರ್, ಮನೋಹರ್ ಸಿಂಗ್ ನಟಿಸಿದರು. ಅದು ಒಳ್ಳೆಯ ಚಿತ್ರವೇ. ಎರಡನ್ನೂ ನೋಡಿದವರು ಮಾತ್ರ ಕನ್ನಡದ್ದನ್ನೇ ಮುಂದಿಡುತ್ತಾರೆ, ಈ ಲೇಖಕನ ಮತವೂ ಅದೇ.

ಪ್ರಶಸ್ತಿಗಳನ್ನು ಎಣಿಸುವುದು ಬೇಸರದ ಕೆಲಸ, ಆದರೆ ಒಂದು ಲೆಕ್ಕ ಹೇಳದಿದ್ದರೆ ವಿಷಯ ಅಪೂರ್ಣ. ದೇಶದ ಶ್ರೇಷ್ಠ ಕಥಾಚಿತ್ರಕ್ಕೆ ಕೊಡುವ ಸ್ವರ್ಣ ಕಮಲ ಕನ್ನಡಕ್ಕೆ ಬಂದಿರುವುದು ಆರು ಸಲ. 'ಸಂಸ್ಕಾರ' (1970), 'ಚೋಮನ ದುಡಿ' (1975) ಬಿಟ್ಟರೆ ಉಳಿದ ನಾಲ್ಕೂ ಕಾಸರವಳ್ಳಿಯವರದು: 'ಘಟಶ್ರಾದ್ಧ', 'ತಬರನ ಕಥೆ', 'ತಾಯಿ ಸಾಹೇಬ', 'ದ್ವೀಪ'. ಸತ್ಯಜಿತ್ ರಾಯ್‌ಗೆ ಈ ಪ್ರಶಸ್ತಿ ಆರು ಸಲ, ಬುದ್ಧದೇವ ದಾಸ್‌ಗುಪ್ತರಿಗೆ ಐದು ಸಲ, ಮೃಣಾಲ್ ಸೇನ್‌ರಿಗೆ ನಾಲ್ಕು ಸಲ ಬಂದಿದೆ. ಈ ಸಾಲಿನಲ್ಲಿ ಬಂಗಾಳದಾಚೆಯ ಹೆಸರು ಕಾಸರವಳ್ಳಿಯವರದು. ದೆಹಲಿಯ ಪ್ರಶಸ್ತಿ ಎಂದರೆ ರಾಜಕೀಯ ಎಂದು ಮೂಗು ಮುರಿಯುವವರು ಇದ್ದೇ ಇದ್ದಾರೆ, ಕೆಲವೊಮ್ಮೆ ಅವರ ಮಾತು ನಿಜವೂ ಹೌದು. ಆದರೆ ಈ ನಾಲ್ಕು ಪ್ರಶಸ್ತಿಗಳ ನಡುವೆ ಇಪ್ಪತ್ತನಾಲ್ಕು ವರ್ಷಗಳ ಅಂತರವಿದೆ. ಸರ್ಕಾರಗಳು ಬದಲಾದವು, ತೀರ್ಪುಗಾರರಾಗಿ ಕೂತ ಬೇರೆ ಬೇರೆ ಭಾಷೆಗಳ ಚಿತ್ರಕರ್ಮಿಗಳೂ ಬದಲಾದರು. ಕನ್ನಡ ಬಾರದ ಆ ಮಂದಿ ಉಪಶೀರ್ಷಿಕೆ ಓದುತ್ತ ನಾಲ್ಕು ಸಲವೂ ಒಬ್ಬರನ್ನೇ ಆರಿಸಿದ್ದನ್ನು ಕಾಕತಾಳೀಯ ಎನ್ನಲಾಗದು. 2011ರಲ್ಲಿ ಪದ್ಮಶ್ರೀಯೂ ಬಂತು.

ನಟರ ಗೌರವದ ಕಥೆ ಇನ್ನೂ ಸ್ವಾರಸ್ಯದ್ದು. 'ತಬರನ ಕಥೆ'ಯಲ್ಲಿ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಪುರಸಭೆಯ ಜವಾನ ತಬರ ಶೆಟ್ಟಿಯಾಗಿ ಚಾರುಹಾಸನ್ ದೇಶದ ಶ್ರೇಷ್ಠ ನಟ ಎನಿಸಿಕೊಂಡರು. ಹೆಂಡತಿಯ ಕಾಲು ಕೊಳೆಯುತ್ತ ಬಂದಿದೆ, ಔಷಧಿಗೆ ದುಡ್ಡಿಲ್ಲ, ಕಡತ ಮುಂದೆ ಹೋಗುವುದಿಲ್ಲ. ಕಟುಕನ ಹತ್ತಿರ ಹೋಗಿ ಆ ಕಾಲು ಕಡಿದುಕೊಡು ಎಂದು ತಬರ ಕೇಳುವ ಘಟ್ಟ ತೇಜಸ್ವಿಯವರ ಕಥೆಯಲ್ಲೇ ಎದೆ ಹಿಂಡುತ್ತದೆ. 1990ರ 'ಮನೆ'ಗೆ ನಾಸಿರುದ್ದೀನ್ ಷಾ, ದೀಪ್ತಿ ನವಲ್ ಬಂದರು. ಅದು 'ಏಕ್ ಘರ್' ಎಂದು ಹಿಂದಿಯಲ್ಲೂ ತಯಾರಾಯಿತು. ಆದರೆ ಗಮನಿಸಬೇಕಾದವರು ಮುಖ್ಯವಾಹಿನಿಯ ನಾಯಕಿಯರು. 1997ರ 'ತಾಯಿ ಸಾಹೇಬ'ದಲ್ಲಿ ಜಯಮಾಲಾ ನಟಿಸಿದ್ದಷ್ಟೇ ಅಲ್ಲ, ನಿರ್ಮಾಪಕಿಯೂ ಅವರೇ. 'ದ್ವೀಪ'ವನ್ನು ನಿರ್ಮಿಸಿದ್ದು ತೆಲುಗು, ಕನ್ನಡ, ತಮಿಳಿನಲ್ಲಿ ಬೇಡಿಕೆಯ ತುತ್ತತುದಿಯಲ್ಲಿದ್ದ ಸೌಂದರ್ಯ. ಆಣೆಕಟ್ಟಿನ ನೀರು ಮೇಲೇರುತ್ತಿರುವ ಸೀತಾಪರ್ವತದಲ್ಲಿ ಗಂಡ ಗಣಪನಿಗಿಂತ ಗಟ್ಟಿಯಾಗಿ ನಿಲ್ಲುವ ನಾಗಿಯ ಪಾತ್ರ ಅವರದು. ಕಾಲ್‌ಷೀಟಿಗೆ ಲಕ್ಷಗಟ್ಟಲೆ ಪಡೆಯುವ ತಾರೆ ತಾನೇ ಲಕ್ಷಗಟ್ಟಲೆ ಸುರಿದು ಇಂಥ ಚಿತ್ರ ಮಾಡಿಸುವುದೆಂದರೆ ಅದು ಬಾಯುಪಚಾರವಲ್ಲ. ಎರಡೇ ವರ್ಷದಲ್ಲಿ, 2004ರ ಏಪ್ರಿಲ್ 17ರಂದು ಬೆಂಗಳೂರಿನ ಬಳಿ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡರು.

ಉಮಾಶ್ರೀ ವಿಷಯವೂ ಹಾಗೇ. ನಾಟಕ ಕಂಪನಿಯ, ಹಾಸ್ಯ ಪಾತ್ರಗಳ ಜನಪ್ರಿಯ ನಟಿ ಎಂದು ಗಾಂಧಿನಗರದ ಚಿತ್ರೋದ್ಯಮ ಅವರನ್ನು ಒಂದು ಚೌಕಟ್ಟಿನಲ್ಲಿ ಕೂರಿಸಿತ್ತು. 2008ರ 'ಗುಲಾಬಿ ಟಾಕೀಸ್'ನಲ್ಲಿ ಅವರು ಕುಂದಾಪುರದ ಕಡೆಯ ಮೀನುಗಾರರ ನಡುವಿನ ಸೂಲಗಿತ್ತಿ. ಹೆರಿಗೆ ಮಾಡಿಸಿದ್ದಕ್ಕೆ ಸಿಕ್ಕ ಕಲರ್ ಟಿವಿಯ ಮುಂದೆ ಕೇರಿಯ ಹೆಂಗಸರೆಲ್ಲ ಸೇರುತ್ತಾರೆ, ಕಾರ್ಗಿಲ್ ಯುದ್ಧದ ದಿನಗಳು ಬಂದಂತೆ ಅದೇ ಕೇರಿ ಧರ್ಮದ ಮೇಲೆ ಒಡೆಯುತ್ತದೆ. ಉಮಾಶ್ರೀಗೆ ಶ್ರೇಷ್ಠ ನಟಿಯ ರಾಷ್ಟ್ರಪ್ರಶಸ್ತಿ ಬಂತು. ವೈದೇಹಿಯವರ ಮೂಲ ಕಥೆಯಲ್ಲಿ ಟಿವಿಯೇ ಇಲ್ಲ, ಅಲ್ಲಿರುವುದು ಊರಿಗೆ ಬಂದ ಸಿನಿಮಾ ಟಾಕೀಸು. ಕಾಲವನ್ನೂ ಯಂತ್ರವನ್ನೂ ಬದಲಿಸಿ ಕಥೆಯನ್ನು ಬೇರೆಡೆ ನೆಟ್ಟಿದ್ದು ನಿರ್ದೇಶಕರ ಕೆಲಸ. ಇಷ್ಟು ಬದಲಾಯಿಸಿದರೂ ಕಥೆಗಾರರು ಮುನಿಸಿಕೊಳ್ಳದೆ ಮುಂದಿನ ಕಥೆಗಾರರೂ ಇವರಿಗೇ ಕಥೆ ಕೊಡುತ್ತ ಬಂದದ್ದು ನೋಡಿದರೆ, ಸಾಹಿತ್ಯದವರ ನಡುವೆಯೂ ಇವರ ಮೇಲೆ ಎಂಥ ಭರವಸೆ ಇತ್ತೆಂದು ತಿಳಿಯುತ್ತದೆ. ಅನಂತಮೂರ್ತಿ, ಚಿತ್ತಾಲ, ತೇಜಸ್ವಿ, ನಾ. ಡಿಸೋಜ, ಅಮರೇಶ ನುಗಡೋಣಿ, ಕುಂ. ವೀರಭದ್ರಪ್ಪ, ಜಯಂತ ಕಾಯ್ಕಿಣಿ. ಇಷ್ಟು ಬಗೆಯ ಬರಹಗಾರರು ಒಬ್ಬ ನಿರ್ದೇಶಕರ ಪಟ್ಟಿಯಲ್ಲಿ ಸಿಗುವುದು ಬೇರೆ ಭಾಷೆಗಳಲ್ಲೂ ವಿರಳ.

ತಂತ್ರಜ್ಞರೂ ಮರಳಿ ಮರಳಿ ಬಂದವರೇ. 'ಘಟಶ್ರಾದ್ಧ'ದ ಎಸ್. ರಾಮಚಂದ್ರ ಮೂವತ್ತು ವರ್ಷ ದಾಟಿದ ಮೇಲೂ 'ಗುಲಾಬಿ ಟಾಕೀಸ್'ಗೆ ಕ್ಯಾಮೆರಾ ಹಿಡಿದರು. 'ದ್ವೀಪ'ದ ಮಳೆಯನ್ನು ಸೆರೆಹಿಡಿದು ರಾಷ್ಟ್ರಪ್ರಶಸ್ತಿ ಪಡೆದ ಎಚ್.ಎಂ. ರಾಮಚಂದ್ರ ಬೇರೆಯವರು, ಹೆಸರು ಒಂದೇ ಆದ್ದರಿಂದ ಓದುಗರು ಗೊಂದಲಪಡುವುದುಂಟು. ಕೇರಳದ ಐಸಾಕ್ ಥಾಮಸ್ ಕೊಟ್ಟುಕಪ್ಪಳ್ಳಿ ಹಲವು ಚಿತ್ರಗಳಿಗೆ ಸಂಗೀತ ಕೊಟ್ಟರು. 'ತಾಯಿ ಸಾಹೇಬ'ದ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ವೈಶಾಲಿ ಕಾಸರವಳ್ಳಿ ನಿರ್ದೇಶಕರ ಪತ್ನಿ, ತಾವೇ ಒಳ್ಳೆಯ ನಟಿ, 'ಮೂಡಲ ಮನೆ'ಯಂಥ ಧಾರಾವಾಹಿಯ ನಿರ್ದೇಶಕಿ. ಅವರು 2010ರಲ್ಲಿ ತೀರಿಕೊಂಡರು.

ಹಾಗೆಂದು ಎಲ್ಲರೂ ಒಂದೇ ರಾಗ ಹಾಡಿದರೆಂದು ತಿಳಿಯಬೇಕಿಲ್ಲ. ಗಾಂಧಿನಗರದಲ್ಲಿ ಇವು 'ಅವಾರ್ಡ್ ಸಿನಿಮಾ'ಗಳು, ಬಿಡುಗಡೆಗೆ ಥಿಯೇಟರ್ ಹುಡುಕಬೇಕಾದ ಸಿನಿಮಾಗಳು. ಗತಿ ನಿಧಾನ ಎಂಬ ದೂರು ಹಳೆಯದು, ಅದರಲ್ಲಿ ಸತ್ಯವಿಲ್ಲ ಎನ್ನಲಾಗದು. ಕೆಲವು ಚಿತ್ರಗಳಲ್ಲಿ ರೂಪಕ ಕಥೆಗಿಂತ ಮುಂದೆ ನಡೆದುಬಿಡುತ್ತದೆ.

ಇಲ್ಲಿ ಪುಟ್ಟಣ್ಣ ಕಣಗಾಲರ ಮಾತು ಬರಲೇಬೇಕು. ಅವರಿಗೆ ಎರಡೂ ಕೀರ್ತಿ ಒಟ್ಟಿಗೆ ದಕ್ಕಿತ್ತು. 'ಬೆಳ್ಳಿಮೋಡ' (1967), 'ಗೆಜ್ಜೆಪೂಜೆ' (1969), 'ನಾಗರಹಾವು' (1972) ಚಿತ್ರಗಳಿಗೆ ಜನ ಮುಗಿಬಿದ್ದರು, ನಿರ್ದೇಶಕರೂ ಅವರನ್ನು ನೋಡಿ ಕಲಿತರು. ತಮಿಳಿನ ಭಾರತಿರಾಜ ಮೊದಲು ಪಳಗಿದ್ದು ಪುಟ್ಟಣ್ಣನವರ ಸಹಾಯಕನಾಗಿ. ಪುಟ್ಟಣ್ಣ ತೀರಿಕೊಂಡು 34 ವರ್ಷಗಳಾದ ಮೇಲೆ, 2019ರಲ್ಲಿ ರಿಷಬ್ ಶೆಟ್ಟಿ ಏಳು ಮಂದಿ ನಿರ್ದೇಶಕರ ಏಳು ಕಥೆಗಳನ್ನು ಸೇರಿಸಿ 'ಕಥಾಸಂಗಮ' ತಂದರು. ಹೆಸರು, ಕಟ್ಟುವ ಬಗೆ ಎರಡೂ ಪುಟ್ಟಣ್ಣನವರ 1976ರ 'ಕಥಾಸಂಗಮ'ದ್ದು, ಅರ್ಪಣೆಯೂ ಅವರಿಗೇ. ಪುಟ್ಟಣ್ಣನವರಿಂದ ಮುಂದಿನವರು ಪಡೆದದ್ದು ಹಾಡಿನ ಚಿತ್ರೀಕರಣ, ಭಾವದ ಏರಿಳಿತ, ನಾಯಕಿಗೆ ಕೊಟ್ಟ ಕೇಂದ್ರಸ್ಥಾನ. ಕಾಸರವಳ್ಳಿಯವರಿಂದ ಪಡೆದದ್ದು ತಡೆದು ನಿಲ್ಲುವ ಧೈರ್ಯ. ಅದನ್ನು ನಕಲು ಮಾಡುವುದು ಕಷ್ಟ, ಹಾಗಾಗಿ ಅವರ ಅನುಯಾಯಿಗಳೆಂದು ಬೆರಳಿಟ್ಟು ತೋರಿಸಬಹುದಾದವರು ಹೆಚ್ಚಿಲ್ಲ.

ಮೆಚ್ಚುಗೆ ಒಮ್ಮುಖವಾಗಿಯೂ ಹರಿಯಲಿಲ್ಲ. ಕಾಸರವಳ್ಳಿ ತಾವು ಮೆಚ್ಚಿದವರ ಹೆಸರು ಹೇಳುವುದರಲ್ಲಿ ಧಾರಾಳಿ. ಜಪಾನಿನ ಒಜು ಅವರ ಮಾತಿನಲ್ಲಿ ಪದೇ ಪದೇ ಬರುತ್ತಾರೆ. ಒಜು ಕೂಡ ಕಸುಬಿನವರ ದೈವ: 2012ರ 'ಸೈಟ್ ಅಂಡ್ ಸೌಂಡ್' ಮತಗಣನೆಯಲ್ಲಿ ನಿರ್ದೇಶಕರ ಮತಗಳಿಂದ ಮೊದಲ ಸ್ಥಾನ ಪಡೆದದ್ದು ಅವರ 'ಟೋಕಿಯೊ ಸ್ಟೋರಿ'. ಮಲಯಾಳದ ಅಡೂರ್ ಗೋಪಾಲಕೃಷ್ಣನ್ ಬಗ್ಗೆ ಕಾಸರವಳ್ಳಿ 2015ರಲ್ಲಿ 'ಇಮೇಜಸ್/ರಿಫ್ಲೆಕ್ಷನ್ಸ್' ಎಂಬ ಸಾಕ್ಷ್ಯಚಿತ್ರ ಮಾಡಿದರು. ಒಂದೇ ಸಂಸ್ಥೆಯಲ್ಲಿ ಓದಿದ, ಒಂದೇ ಪ್ರಶಸ್ತಿಗಳಿಗೆ ಎದುರುಬದುರಾದ ಹಿರಿಯನ ಬಗ್ಗೆ ಇಷ್ಟು ಹೊತ್ತು ಕೂತು ಚಿತ್ರ ಮಾಡುವ ನಿರ್ದೇಶಕರು ಎಷ್ಟು ಮಂದಿ? ಅನಂತಮೂರ್ತಿಯವರ ಮೇಲೂ ಒಂದು ಸಾಕ್ಷ್ಯಚಿತ್ರ ಮಾಡಿದ್ದಾರೆ. ಅದೇ ಹೊತ್ತಿಗೆ ಓ.ಪಿ. ಶ್ರೀವಾಸ್ತವ ಎಂಬ ನಿರ್ದೇಶಕರು ಕಾಸರವಳ್ಳಿಯವರನ್ನೇ ವಸ್ತುವಾಗಿಸಿ 'ಲೈಫ್ ಇನ್ ಮೆಟಫರ್ಸ್' ತಂದರು. ಮಗಳು ಅನನ್ಯಾ ಕಾಸರವಳ್ಳಿ 2016ರಲ್ಲಿ 'ಹರಿಕಥಾ ಪ್ರಸಂಗ' ನಿರ್ದೇಶಿಸಿ, ಹೆಣ್ಣುವೇಷದ ಯಕ್ಷಗಾನ ಕಲಾವಿದನ ಬದುಕನ್ನು ಎತ್ತಿಕೊಂಡರು. ಅದರ ಕಥೆ ಗೋಪಾಲಕೃಷ್ಣ ಪೈ ಅವರದು. 'ಕನಸೆಂಬೋ ಕುದುರೆಯನೇರಿ'ಯ ಚಿತ್ರಕಥೆಗೆ ಕಾಸರವಳ್ಳಿಯವರೊಂದಿಗೆ ರಾಷ್ಟ್ರಪ್ರಶಸ್ತಿ ಹಂಚಿಕೊಂಡವರೂ ಅವರೇ.

ಇತ್ತೀಚಿನ ದೊಡ್ಡ ಮನ್ನಣೆ ಬಂದದ್ದು 2024ರಲ್ಲಿ. ನೆಗೆಟಿವ್ ಹಾಳಾಗುವುದು, ಪ್ರಿಂಟ್ ಕಳೆದುಹೋಗುವುದು ಕನ್ನಡ ಚಿತ್ರಗಳ ಮಾಮೂಲು ಹಣೆಬರಹ. 'ಘಟಶ್ರಾದ್ಧ' ಇದರಿಂದ ಪಾರಾಯಿತು. ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ 2007ರಲ್ಲಿ ಆರಂಭಿಸಿದ ವಿಶ್ವ ಸಿನಿಮಾ ಯೋಜನೆ, ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ಇಟಲಿಯ ಬೊಲೋನಾದ ಪ್ರಯೋಗಾಲಯದಲ್ಲಿ ಅದನ್ನು ಪುನರುಜ್ಜೀವಿಸಿದವು. ಹಣ 'ಸ್ಟಾರ್ ವಾರ್ಸ್' ಖ್ಯಾತಿಯ ಜಾರ್ಜ್ ಲ್ಯೂಕಾಸ್ ಕುಟುಂಬದ ಪ್ರತಿಷ್ಠಾನದ್ದು. ಮುಂಬೈ ಸಂಸ್ಥೆ ಕಟ್ಟಿದ ಶಿವೇಂದ್ರ ಸಿಂಗ್ ಡುಂಗರ್‌ಪುರ್ ತಾವೂ ನಿರ್ದೇಶಕರು, ಪುಣೆ ಸಂಸ್ಥೆಯಲ್ಲೇ ಓದಿದವರು. ಹೀಗೆ ಮೂರು ಕಡೆಯೂ ನಿರ್ದೇಶಕರೇ ನಿಂತು ಇನ್ನೊಬ್ಬ ನಿರ್ದೇಶಕರ ಮೊದಲ ಚಿತ್ರವನ್ನು ಉಳಿಸಿದರು. 81ನೇ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಅದು ಹೊಸ ರೂಪದಲ್ಲಿ ತೆರೆಕಂಡಿತು. ಇದಕ್ಕೆ ಮೊದಲು ಇದೇ ಯೋಜನೆ ಉದಯ್ ಶಂಕರರ 'ಕಲ್ಪನಾ', ಅರವಿಂದನ್‌ರ 'ತಂಪ್' ಚಿತ್ರಗಳಿಗೆ ಮರುಜೀವ ಕೊಟ್ಟಿತ್ತು.

ಹಾಸನ ಜಿಲ್ಲೆಗೂ ಈ ಕಥೆಗೂ ಇರುವ ನೇರ ನಂಟು ಎರಡು ಚಿತ್ರಗಳದು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರ ಕಾದಂಬರಿಗಳು ಹೊಸ ಅಲೆಯ ನಿರ್ದೇಶಕರಿಗೆ ಆರಂಭದಿಂದಲೂ ಪ್ರಿಯ. ಬಿ.ವಿ. ಕಾರಂತ, ಗಿರೀಶ ಕಾರ್ನಾಡ್ ಒಟ್ಟಾಗಿ 'ವಂಶವೃಕ್ಷ' (1972), 'ತಬ್ಬಲಿಯು ನೀನಾದೆ ಮಗನೆ' (1977) ಮಾಡಿದರು. ಟಿ.ಎನ್. ಸೀತಾರಾಂ 2001ರಲ್ಲಿ 'ಮತದಾನ' ಮಾಡಿದರು. ಕಾಸರವಳ್ಳಿ 2006ರಲ್ಲಿ ಆರಿಸಿಕೊಂಡದ್ದು 'ನಾಯಿ ನೆರಳು'. ಸತ್ತ ಮಗ ಬೇರೊಂದು ಊರಿನಲ್ಲಿ ಮತ್ತೆ ಹುಟ್ಟಿದ್ದಾನೆ ಎಂಬ ನಂಬಿಕೆಯಿಂದ ಹೊರಡುವ ಕಥೆ ಅದು. ಇಪ್ಪತ್ತರ ಹುಡುಗನನ್ನು ತನ್ನ ಗಂಡನೆಂದು ಒಪ್ಪಿಕೋ ಎಂದು ಹಿರಿಯರು ವಿಧವೆ ವೆಂಕುವಿಗೆ ಹೇಳುತ್ತಾರೆ. ಕಾದಂಬರಿಯ ಕುತೂಹಲ ಪುನರ್ಜನ್ಮದ ಮೇಲೆ. ಚಿತ್ರದ ಕುತೂಹಲ ಅತ್ತೆ, ಸೊಸೆ, ಮೊಮ್ಮಗಳು ಎಂಬ ಮೂವರು ಹೆಂಗಸರು ಆ ನಂಬಿಕೆಯನ್ನು ಹೇಗೆ ಹೊರುತ್ತಾರೆ ಎಂಬುದರ ಮೇಲೆ. ವೆಂಕುವಾಗಿ ಪವಿತ್ರಾ ಲೋಕೇಶ್, ಅತ್ತೆಯಾಗಿ ರಾಮೇಶ್ವರಿ ವರ್ಮ ನಟಿಸಿದರು.

ಇನ್ನೊಂದು, ಅದಕ್ಕೆ ಎರಡು ವರ್ಷ ಮೊದಲಿನ 'ಹಸೀನಾ'. ಹಾಸನದಲ್ಲೇ ಹುಟ್ಟಿ ಅಲ್ಲೇ ವಕೀಲಿ ಮಾಡಿಕೊಂಡಿರುವ ಬಾನು ಮುಷ್ತಾಕರ 'ಕರಿ ನಾಗರಗಳು' ಕಥೆ ಅದರ ಮೂಲ. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಆಟೊ ಓಡಿಸುವ ಗಂಡ ಹೆಂಡತಿಯನ್ನು ಬಿಟ್ಟು ಹೋಗುತ್ತಾನೆ. ಜಮಾತಿನ ಹಿರಿಯರು ನ್ಯಾಯ ಕೊಡಲಿ ಎಂದು ಆಕೆ ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಅಂಗಳದಲ್ಲೇ ಕೂತುಬಿಡುತ್ತಾಳೆ. ಕನ್ನಡ ಸಿನಿಮಾದಲ್ಲಿ ಮುಸ್ಲಿಂ ಹೆಣ್ಣು ಬುರ್ಖಾ ತೊಟ್ಟು ಹಿನ್ನೆಲೆಯಲ್ಲಿ ಹಾದುಹೋಗುವ ನೆರಳಾಗಿದ್ದ ಕಾಲದಲ್ಲಿ ಹಸೀನಾ ತೆರೆಯ ನಡುವೆ ಕೂತು ವಾದ ಹೂಡಿದಳು. ತಾರಾ ಆ ಪಾತ್ರಕ್ಕೆ ದೇಶದ ಶ್ರೇಷ್ಠ ನಟಿ ಎನಿಸಿದರು. ಭೈರಪ್ಪ, ಬಾನು ಮುಷ್ತಾಕ್ ಇಬ್ಬರೂ ಒಂದೇ ಜಿಲ್ಲೆಯವರಾದರೂ ವಿಚಾರದಲ್ಲಿ ದೂರದೂರದವರು. ಎರಡೇ ವರ್ಷಗಳ ಅಂತರದಲ್ಲಿ ಇಬ್ಬರ ಕಥೆಗಳನ್ನೂ ತೆರೆಗೆ ತಂದದ್ದು ಒಬ್ಬರೇ ನಿರ್ದೇಶಕರು.

ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಬಾನು ಮುಷ್ತಾಕರ ಕಥಾಸಂಕಲನ 'ಹಾರ್ಟ್ ಲ್ಯಾಂಪ್' 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಗೆದ್ದಿತು. 'ಕರಿ ನಾಗರಗಳು' ಆ ಸಂಕಲನದಲ್ಲಿದೆ. ಕಾಸರವಳ್ಳಿ ಅದನ್ನು ಸಿನಿಮಾಕ್ಕೆ ಆರಿಸಿಕೊಂಡು ಆ ಹೊತ್ತಿಗೆ ಎರಡು ದಶಕ ದಾಟಿತ್ತು.